ಎಣಿಸದೆ ಬಿಟ್ಟ ಮರಿಗಳು

ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಮಗಳು ಶೈಲಾಳ ಫೋನ್ ಬಂತು. ಅವಳದು ಅಭಯಾರಣ್ಯದಲ್ಲಿ ಜಿಂಕೆ ಎಣಿಸುವ ಕೆಲಸ. ನಮ್ಮೂರು ಸತ್ತಿಯಲ್ಲಿ ಹೀಗೆಂದರೆ, "ಅದಕ್ಕೂ ಪಗಾರ ಕೊಡ್ತಾರೇನ್ರಿ?" ಎನ್ನುತ್ತಾರೆ. ನಾನೂ ಹಾಗೆ ಅಂದವಳೇ, ಹೋದ ವಾರ ಎಣಿಸಲು ಕೈ ಕಡಿಮೆಯಾಗಿ ಅವಳು ನನ್ನನ್ನೇ ಕರೆದೊಯ್ಯುವ ತನಕ.

ನೀರಿನ ಹೊಂಡದ ಹತ್ತಿರ ಅಟ್ಟಣಿಗೆಯ ಮೇಲೆ ಕೂರಿಸಿ, ಕೈಗೊಂದು ಹಾಳೆ ಕೊಟ್ಟಿದ್ದಳು. ಮೂರು ಖಾನೆ: ಗಂಡು, ಹೆಣ್ಣು, ಮರಿ. ಮದುವೆಮನೆಯಲ್ಲಿ ಗಂಡಿನ ಕಡೆಯವರು ಯಾರು, ಹೆಣ್ಣಿನ ಕಡೆಯವರು ಯಾರೆಂದು ಬಾಗಿಲಿನಿಂದಲೇ ಹೇಳುವ ನನಗೆ ಇದೇನು ಮಹಾ ಎಂದು ಕನ್ನಡಕ ಏರಿಸಿದ್ದೆ.

"ಅವ್ವಾ, ಮರಿ ಖಾನೆ ಖಾಲಿ ಐತಲ್ಲ. ಒಂದೂ ಬರ್ಲಿಲ್ಲೇನು?" ಶೈಲಾಳ ದನಿ ಬಾಡಿತ್ತು. "ಹಿಂಡಿನಾಗ ಮರೀನ ಹುಟ್ಟವಲ್ವು ಅಂತ ಸಾಹೇಬ್ರು ಗಾಬ್ರಿ ಆಗ್ಯಾರ. ನನ್ನ ಮೊದಲ್ನೇ ವರದಿ ಬೇ ಇದು."

"ಬಂದಿದ್ವಲ್ಲ! ಎಂಥಾ ಮುದ್ದು ಮರಿ!"

"ಮತ್ತ್ಯಾಕ ಬರೀಲಿಲ್ಲ?"

"ಕೂಸುಗಳ್ನ ಯಾರರ ಎಣಸ್ತಾರೇನ? ದೃಷ್ಟಿ ಆಗ್ತೈತಿ."

ನಮ್ಮತ್ತೆ ಇದ್ದಾಗ, ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ "ದೇವರು ಕೊಟ್ಟಷ್ಟು" ಎನ್ನುತ್ತಿದ್ದರು. ಆ ಮಾತನ್ನು ನಾನು ಕಾಡಿಗೂ ಒಯ್ದಿದ್ದೆ. ಮರಿ ಕಂಡಾಗಲೆಲ್ಲ ಪೆನ್ನು ಕೆಳಗಿಟ್ಟು, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಿದ್ದೆ. ಸರಕಾರಿ ಹಾಳೆಯಲ್ಲಿ ನೆಟಿಗೆಗೆ ಖಾನೆ ಇರುವುದಿಲ್ಲವೆಂದು ನನಗೇನು ಗೊತ್ತು?

"ಹನ್ನೊಂದಿದ್ವು, ಬರ್ಕೋ," ಎಂದೆ. ಬಾಯಿ ಎಣಿಸದಿದ್ದರೂ ಕಳ್ಳ ಕಣ್ಣು ಬಿಟ್ಟಿರಲಿಲ್ಲ.

"ನೆನಪಿನ ಲೆಕ್ಕ ನಡ್ಯಾಂಗಿಲ್ಲವ್ವಾ. ಐತ್ವಾರ ಮತ್ತ ಎಣಸೋಣು, ಅಲ್ಲೀತನಾ ವರದಿ ತಡೀತೀನಿ. ಮರಿ ಎಷ್ಟದಾವಂತ ತಿಳೀದಿದ್ರ, ಮುಂದ ಹುಲ್ಲು ನೀರು ಸಾಲತಾವೋ ಇಲ್ಲೋ ಹ್ಯಾಂಗ ಹೇಳೂದು? ಬರ್ತಿ ಇಲ್ಲೋ?"

ಬೈಯಲಿಲ್ಲ, ಮತ್ತೆ ಕರೆದಳು. ಅದೂ ದೇವರ ದಯೆಯೇ. ಆದರೂ "ನೋಡೂಣು" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮೊರ ಬದಿಗಿಟ್ಟು ರೊಟ್ಟಿಗೆ ಕೂತೆ. ಡಬ್ಬಿಯಿಂದ ಹಿಟ್ಟು ತೆಗೆಯುತ್ತಿದ್ದ ಕೈ ನಿಂತಿತು. ಮೈದುನನ ದೊಡ್ಡ ಮಗನಿಗೆ ಎರಡು ಹಿಡಿ, ನಡುವಿನವಳಿಗೆ ಒಂದೂವರೆ, ಸಣ್ಣದಕ್ಕೆ ಅರ್ಧ. ಈ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಮಕ್ಕಳನ್ನು ದೊಡ್ಡವು, ಸಣ್ಣವು ಎಂದು ಬೇರೆ ಮಾಡಿ ಎಣಿಸುತ್ತಲೇ ಇದ್ದೇನಲ್ಲ! ಯಾವ ದೃಷ್ಟಿಯೂ ತಾಗಿಲ್ಲ. ಒಂದು ಕೂಸೂ ಹಸಿದು ಮಲಗಿಲ್ಲ.

ಹಿಟ್ಟಿನ ಕೈಯಲ್ಲೇ ಶೈಲಾಳಿಗೆ ಫೋನ್ ಹಚ್ಚಿ, "ಬರ್ತೀನಿ" ಎಂದೆ. ದೇವರ ಜಗಲಿಯ ಕಡೆ ನೋಡಿ ಒಮ್ಮೆ ನೆಟಿಗೆ ಮುರಿದು, ಬಿಸಿನೀರು ಹಾಕಿ ಹಿಟ್ಟು ನಾದತೊಡಗಿದೆ.