ಜವರಮ್ಮ ಕೋಂ ಲೇಟ್ ನಿಂಗಯ್ಯ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೊಂದು ವರ್ಷ ಮದ್ದೂರಿನಲ್ಲಿ ವಕೀಲಿ ಮಾಡಿದವನು ನಾನು. ಕಣ್ಣಾರೆ ಕಂಡೆ ಎಂದು ಕಟಕಟೆಯಲ್ಲಿ ಆಣೆ ಮಾಡಿದವರು ಹತ್ತು ನಿಮಿಷದ ಪಾಟೀಸವಾಲಿಗೆ ತಡವರಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ನೀವು ಇದನ್ನು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಈಗ ನಾನು ವಕೀಲನಲ್ಲ. ಊರೂರು ತಿರುಗಿ, ವೇದಿಕೆಯ ಮೇಲೆ ಒಬ್ಬನೇ ನಿಂತು ಜನರನ್ನು ನಗಿಸುತ್ತೇನೆ. ಸ್ಟ್ಯಾಂಡಪ್ ಕಾಮಿಡಿ ಅನ್ನುತ್ತಾರಲ್ಲ, ಅದು. ಕರಿ ಕೋಟು ಬಿಚ್ಚಿದ ದಿನದಿಂದ ಬೈಸಿಕೊಳ್ಳುತ್ತಲೇ ಇದ್ದೇನೆ. ಗುತ್ತಲಿನ ನಮ್ಮ ಬೀದಿಯಲ್ಲಿ, ನಾಲ್ಕು ಜನರ ಎದುರು, ಹೆಣ್ಣು ಕೊಟ್ಟ ಮಾವನೇ "ಲಾಯ್ರು ಅಂತ ಎಣ್ಣು ಕೊಟ್ಟೆ ಕಣಪ್ಪ, ಕೋಡಂಗಿ ಅಂತ ಗೊತ್ತಿದ್ರೆ ಕೊಡ್ತಿರ್ನಿಲ್ಲ" ಎಂದರು. ನನ್ನ ಹಳೆಯ ಸೀನಿಯರ್, ನಾನು ಕೋರ್ಟಿನ ಮಾನ ಕಳೆಯುತ್ತಿದ್ದೇನೆ ಎಂದು ಹೇಳಿ ಕಳಿಸಿದರು. ಎಂಥ ಮಾನ? ಒಂದು ಪಾಲಿನ ದಾವೆಗಾಗಿ ಒಂದು ತಲೆಮಾರನ್ನೇ ಮರದ ಕೆಳಗೆ ಕೂರಿಸುವ ಜಾಗದ ಮಾನ ಕಳೆಯಲು ನಾನೊಬ್ಬ ಬೇಕಾಗಿತ್ತೇ? ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ನನ್ನ ಹಾಸ್ಯಕ್ಕೆ ಅದೇ ಸರಕು.

ಅದರಲ್ಲಿ ಎಲ್ಲರಿಗೂ ಹಿಡಿಸುವುದು ಕೂಗುವ ಭಾಗ. ಕೇಸಿನ ಸರದಿ ಬಂದಾಗ ಕೋರ್ಟಿನ ಜವಾನ ಬಾಗಿಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುತ್ತಾನೆ. ಗಂಡಸಾದರೆ 'ಬಿನ್' ಎಂದು ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ 'ಕೋಂ' ಎಂದು ಗಂಡನ ಹೆಸರು. ಗಂಡ ಸತ್ತು ಮೂವತ್ತು ವರ್ಷವಾಗಿದ್ದರೂ ಬಿಡುವುದಿಲ್ಲ, ಮುಂದೊಂದು 'ಲೇಟ್' ಸೇರಿಸಿ ಅವನನ್ನೂ ಕೋರ್ಟಿಗೆ ಕರೆಯುತ್ತಾರೆ. ಮೂರನೆಯ ಕೂಗಿಗೂ ಯಾರೂ ಓಗೊಡದಿದ್ದರೆ ಗೈರುಹಾಜರಿ ಎಂದು ಬರೆದು ದಾವೆ ವಜಾ. ನಾನು ವೇದಿಕೆಯ ತುದಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, ಸುಮ್ಮನೆ ಕಟ್ಟಿದ ಒಂದು ಹೆಸರನ್ನು ಹಾಗೆಯೇ ಕೂಗುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ.

ಜವರಮ್ಮನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆಕೆ ಆತಗೂರಿನ ಹತ್ತಿರದ ಒಂದು ಹಳ್ಳಿಯವಳು, ವಿಧವೆ. ಅಪ್ಪನ ಜಮೀನಿನಲ್ಲಿ ಪಾಲು ಕೊಡದ ತಮ್ಮಂದಿರ ಮೇಲೆ ದಾವೆ ಹಾಕಿದ್ದಳು. ವಕೀಲ ನಾನು. ಆಕೆಗೆ ಆಗಲೇ ಕಿವಿ ಮಂದ. ವಾಯ್ದೆಯ ದಿನವೆಲ್ಲ, ಕೂಗಿದ್ದು ಎಲ್ಲಿ ತಪ್ಪಿಹೋಗುತ್ತದೋ ಎಂದು ಬಾಗಿಲಿಗೆ ಅಂಟಿಕೊಂಡೇ ಕೂರುತ್ತಿದ್ದಳು. ಒಂದು ವಾಯ್ದೆಗೆ ನಾನೇ "ನೀನು ಬರಬ್ಯಾಡ ಅಜ್ಜಿ, ನಾನಿರ್ತೀನಿ" ಎಂದೆ. ಆ ದಿನ ಬೆಂಗಳೂರಿನಲ್ಲಿ ಒಂದು ಹಾಸ್ಯ ಸ್ಪರ್ಧೆಗೆ ಆಯ್ಕೆ ನಡೆಯುತ್ತಿತ್ತು. ನಾನು ಅಲ್ಲಿಗೆ ಹೋದೆ. ಇಲ್ಲಿ ಮೂರು ಸಲ ಕೂಗಿದರು, ದಾವೆ ವಜಾ ಆಯಿತು. ಅದನ್ನು ಮತ್ತೆ ಎತ್ತಿಸಲು ಅರ್ಜಿ ಹಾಕುವ ದಾರಿ ಇತ್ತು. ಇಂದು ನಾಳೆ ಎಂದು ತಳ್ಳುತ್ತ ಗಡುವು ದಾಟಿತು. ಆಕೆಗೆ ಮಾತ್ರ, ಕೇಸು ಮುಂದಕ್ಕೆ ಹೋಗಿದೆ, ಕೂಗುವಾಗ ಹೇಳಿ ಕಳಿಸುತ್ತೇನೆ ಎಂದು ಸುಳ್ಳು ಹೇಳಿದೆ. ಆಮೇಲೆ ಕೋಟು ಬಿಚ್ಚಿದೆ. ಕೋರ್ಟಿನ ಮೇಲೆ ಅಷ್ಟೆಲ್ಲ ಹರಿಹಾಯುವ ನಾನು ಇದನ್ನು ಯಾವ ವೇದಿಕೆಯಲ್ಲೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ, ಮಳವಳ್ಳಿಯ ಒಂದು ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ನನ್ನ ಕಾರ್ಯಕ್ರಮವಿತ್ತು. ಕೂಗುವ ಭಾಗ ಬಂತು. ಯಾವತ್ತಿನ ಹೆಸರು ನಾಲಿಗೆಗೆ ಬರಲಿಲ್ಲ. "ಜವರಮ್ಮ ಕೋಂ ಲೇಟ್ ನಿಂಗಯ್ಯ" ಎಂದು ಬಾಯಿಂದ ಬಂದುಬಿಟ್ಟಿತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಮೂರನೆಯ ಸಲ ಕೂಗಿದಾಗ ಹಿಂದಿನ ಬಾಗಿಲ ಕಡೆಯಿಂದ "ಇಲ್ಲೇ ಇವ್ನಿ ಸ್ವಾಮಿ" ಎಂದು ಹಾಜರಿ ಹೇಳುವ ಆಕೆಯ ದನಿ ಕೇಳಿಸಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಜನ ಹೋ ಎಂದು ನಕ್ಕರು.

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಮದ್ದೂರಿನ ಹಳೆಯ ಮಿತ್ರರೇ ಯಾರಿಗೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದುಕೊಂಡೆ. ಕಾರ್ಯಕ್ರಮ ಮುಗಿದ ಕೂಡಲೇ ಏರ್ಪಾಟು ಮಾಡಿದವರನ್ನು ಹಿಡಿದು ಆ ಮುದುಕಿ ಯಾರೆಂದು ಜೋರು ಮಾಡಿದೆ. "ಮುದುಕೀರು ಯಾರೂ ಬಂದಿರ್ನಿಲ್ಲ ಸಾರ್. ನೀವು ಬಾಯಿ ಬುಟ್ಕಂಡು ನಿಂತ್ರಲ್ಲ, ಅದ್ಕೇ ಜನ ನಕ್ಕಿದ್ದು" ಎಂದರು. ವಿಡಿಯೊ ತರಿಸಿ ನೋಡಿದೆ. ನನ್ನ ಮೂರು ಕೂಗು, ಬಾಯಿ ಬಿಟ್ಟುಕೊಂಡು ನಿಂತ ನಾನು, ಆಮೇಲೆ ನಗು. ಬೇರೆ ದನಿ ಇರಲಿಲ್ಲ. ತಪ್ಪು ಮಾಡಿದವನ ಮನಸ್ಸು ಆಡಿಸಿದ ಆಟ ಎಂದು ನೀವು ಹೇಳಬಹುದು. ನಾನೂ ಎರಡು ದಿನ ಹಾಗೆಯೇ ಹೇಳಿಕೊಂಡೆ.

ಬುಧವಾರ ಬೈಕು ಹತ್ತಿ ಆಕೆಯ ಹಳ್ಳಿಗೆ ಹೋದೆ. ಅಜ್ಜಿ ಜಗಲಿಯ ಮೇಲಿದ್ದಳು. ಈಗ ಕಿವಿ ಪೂರಾ ಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಕೆಯ ಸೊಸೆ ಶುರು ಮಾಡಿದಳು. "ಭಾನ್ವಾರ ಮದ್ಯಾನ ಅವರೆಕಾಯಿ ಬುಡಿಸ್ತಾ ಕುಂತಿದ್ರು ಸಾ. ಇದ್ದಕ್ಕಿದ್ದಂಗೆ ಎದ್ದು ನಿಂತ್ಕಂಡು 'ಇಲ್ಲೇ ಇವ್ನಿ ಸ್ವಾಮಿ' ಅಂದ್ರು. ಮಡ್ಲಲ್ಲಿದ್ದ ಕಾಯೆಲ್ಲ ಚೆಲ್ಲೋಯ್ತು. ತಮಟೆ ಬಡುದ್ರೂ ಕೇಳಕ್ಕಿಲ್ಲ ನಮ್ಮತ್ತೆಗೆ. ಅವತ್ನಿಂದ ಲಾಯ್ರಪ್ಪ ಬತ್ತಾರೆ ಅಂತ ಕುಂತವ್ರೆ."

ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಕೂಗುದ್ರಲ್ಲಪ್ಪ. ಇವ್ನಿ ಅಂದೆ. ಬರ್ಕಂಡ್ರಾ?"

ಅಲ್ಲಿ ನನಗೆ ತಡೆಯಲಾಗಲಿಲ್ಲ. ಆಕೆಯ ಕಿವಿಗೆ ಬಾಯಿಟ್ಟು, ನಿನ್ನ ಕೇಸು ಹೋಗಿ ವರ್ಷಗಳಾದವು, ಕಳೆದವನು ನಾನೇ ಎಂದು ಕೂಗಿದೆ. ಎದುರು ಮನೆಯವರು ಹೊರಗೆ ಬಂದರು. ಸೊಸೆ "ಅಂಗಾರೆ ಇಷ್ಟ್ ದಿನ ಸುಳ್ಳು ಏಳುದ್ರಾ?" ಎಂದು ನನ್ನನ್ನೇ ನೋಡುತ್ತ ನಿಂತಳು. ಅಜ್ಜಿಗೆ ಮಾತ್ರ ಒಂದಕ್ಷರವೂ ಕೇಳಿಸಿರಲಿಲ್ಲ. ಅಷ್ಟು ದೂರದ ಮಳವಳ್ಳಿಯಲ್ಲಿ ತಮಾಷೆಗೆ ಕೂಗಿದ್ದು ಆ ಕಿವಿಗೆ ಹೇಗೆ ಬಿತ್ತು, ಪಕ್ಕದಲ್ಲಿ ಕೂತು ಹೇಳಿದ ನಿಜ ಯಾಕೆ ಬೀಳಲಿಲ್ಲ, ನನಗೆ ಇಂದಿಗೂ ತಿಳಿದಿಲ್ಲ.

ನಾನು ಕಿವಿಯ ಬಳಿ ಏನೋ ಹೇಳಿದೆನೆಂಬುದಷ್ಟೇ ಗೊತ್ತಾಗಿ, ಅಜ್ಜಿ ಅದನ್ನು ಹೌದೆಂದೇ ತಿಳಿದಳು. "ಬರ್ಕಂಡವ್ರೆ ಅನ್ನು. ಅಷ್ಟ್ ಸಾಕು ಬುಡಪ್ಪ" ಎಂದು ನನ್ನ ಬೆನ್ನು ಸವರಿ, ಸೊಸೆಯ ಕಡೆ ತಿರುಗಿದಳು. "ಲಾಯ್ರಪ್ಪಂಗೆ ಕಾಪಿ ಕಾಯ್ಸಮ್ಮಿ."