ಸಪ್ಪಳದ ಹೋಟೆಲ್ಲಿಗೆ ಆ ಹೆಸರು ಬಂದದ್ದು

ಕುದಿಯುವ ಚಹಾದ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು, ಗೆಳೆಯರೇ. ನನಗೆ ಮಾತ್ರ ನಾಲಿಗೆ ತುರಿಸುತ್ತಿತ್ತು. ಚಹಾ ಎಂಬ ಹೆಸರು ಎಲ್ಲಿಂದ ಬಂತು ಗೊತ್ತೇ ಎಂದು ಎದುರಿಗಿದ್ದವರನ್ನು ಕೇಳಿ, ಅವರು ಬಾಯಿ ತೆರೆಯುವ ಮೊದಲೇ ನಾನೇ ಉತ್ತರ ಹೇಳಿಬಿಡುವ ಚಟ ನನ್ನದು. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದೆ. ಊರಿನದಾಗಲಿ, ಅಂಗಡಿಯದಾಗಲಿ, ಒಂದು ಹೆಸರು ಕಿವಿಗೆ ಬಿದ್ದರೆ ಅದರ ಬೇರು ಕೆದಕದೆ ಬಿಡುತ್ತಿರಲಿಲ್ಲ.

ಗಣಿಗಳ ಭರಾಟೆಯ ವರ್ಷಗಳು ಅವು. ಒಂದು ಮಧ್ಯಾಹ್ನ ಅಮ್ಮನನ್ನು ಸಂಡೂರಿನ ತಂಗಿಯ ಮನೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅಮ್ಮನಿಗೆ ಬೆಳಕು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ದಾರಿಯಲ್ಲಿ ಅದಿರು ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತುಬಿಟ್ಟಿತು. ರಸ್ತೆಯಾಚೆ, ಮಲಪನಗುಡಿಯ ಹುಲಿಗೆಮ್ಮ ಎಂಬಾಕೆ ತಗಡಿನ ಚಪ್ಪರದಡಿ ಚಹಾ, ಮಿರ್ಚಿ ಮಾರುತ್ತಿದ್ದಳು. "ಇಲ್ಲೇ ಕೂತಿರಮ್ಮ, ಈಗ ಬಂದೆ" ಎಂದು ನಾನು ದಾಟಿಹೋದೆ.

ಅಲ್ಲಿ ಗ್ಲಾಸು ಹಿಡಿದವರು ಐದಾರು ಮಂದಿ ಇದ್ದರು. ನನಗೆ ಅಷ್ಟು ಸಾಕಿತ್ತು. ಚಹಾ, ಟೀ ಎರಡೂ ಚೀನಾದವೇ, ಒಂದೇ ಅಕ್ಷರಕ್ಕೆ ಅಲ್ಲಿಯ ಎರಡು ಸೀಮೆಯವರ ಎರಡು ಉಚ್ಚಾರ, ಒಂದು ನೆಲದ ದಾರಿ ಹಿಡಿದು ಬಂತು, ಇನ್ನೊಂದು ಹಡಗು ಹತ್ತಿತು ಎಂದು ವಿವರಿಸುತ್ತ ನಾನು ಲೋಕವನ್ನೇ ಮರೆತೆ. ಅಷ್ಟರಲ್ಲಿ ಖಾಲಿ ಲಾರಿಗಳು ಎದುರಿನಿಂದ ನುಗ್ಗತೊಡಗಿದವು. ಗಾಳಿಯೂ ಸೇರಿ ಕೆಂಧೂಳು ಬಸ್ಸನ್ನೇ ನುಂಗಿತು. ಆ ಧೂಳಿನೊಳಗೆ ಒಂದು ಕೈ ಗಾಳಿಯನ್ನು ತಡವುತ್ತಿತ್ತು. ನನ್ನನ್ನು ಹುಡುಕಿಕೊಂಡು ಅಮ್ಮ ಬಸ್ಸಿಳಿದು ನಡುರಸ್ತೆಗೆ ಬಂದಿದ್ದಳು.

ಹುಲಿಗೆಮ್ಮ ಸೌಟು, ಖಾಲಿ ಬಾಣಲೆ ಎತ್ತಿಕೊಂಡು ರಸ್ತೆಯಂಚಿಗೆ ಓಡಿದಳು. "ಯಮ್ಮಾ, ಅಲ್ಲೇ ನಿಂದರ್ರೀ! ಸಪ್ಪಳ ಆದ್ರ ಬರ್ರಿ, ನಿಂತ್ರ ನಿಂದರ್ರೀ!" ಹಾರನ್ನುಗಳ ನಡುವೆ ಅಷ್ಟು ಕೇಳಿಸಿದ್ದೇ ಪುಣ್ಯ. ಲಾರಿಯೊಂದು ಅಮ್ಮನ ಸೆರಗು ಹಾರಿಸಿಕೊಂಡು ಹೋಯಿತು. ಢಣ್, ಢಣ್, ಢಣ್: ಅಮ್ಮ ಮೂರು ಹೆಜ್ಜೆ ಇಟ್ಟಳು. ಸಪ್ಪಳ ನಿಂತಿತು. ಎರಡು ದೀಪಗಳು ಧೂಳು ಸೀಳಿಕೊಂಡು ಬಂದು ಹಾದುಹೋದವು. ಲಾರಿ ಅಮ್ಮನ ಪಕ್ಕದಲ್ಲಿ ದಾಟಿತೋ, ಮೇಲೆಯೇ ಹರಿಯಿತೋ ತಿಳಿಯಲಿಲ್ಲ. ಮತ್ತೆ ಢಣ್ ಎಂದಿತು. ಅಮ್ಮನ ಬೆರಳುಗಳು ಧೂಳಿನಿಂದ ಹೊರಬಂದವು. ಹುಲಿಗೆಮ್ಮ ಬಾಣಲೆ ಬಿಸುಟು ಆ ಕೈಯನ್ನು ಎಳೆದುಕೊಂಡಳು.

ನಾನು? ಗ್ಲಾಸು ಹಿಡಿದು ನಿಂತಲ್ಲೇ ಇದ್ದೆ. ಕಾಲು ಕೀಳಲಿಲ್ಲ. ಕೂಗಲು ತೆರೆದ ಬಾಯಿಂದ ಸ್ವರ ಹೊರಡಲಿಲ್ಲ. ಚೀನಾದವರೆಗೂ ಹೋಗಿ ಬಂದಿದ್ದ ನನ್ನ ದನಿಗೆ ಹತ್ತು ಮಾರು ದೂರದ ಅಮ್ಮನನ್ನು ಮುಟ್ಟುವ ಶಕ್ತಿ ಇರಲಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಅಮ್ಮ ಒಂದೇ ಮಾತು ಹೇಳಿದಳು: "ನಿನ್ನ ದನಿಗೇ ಕಿವಿಗೊಟ್ಟಿದ್ದೆ ಕಣೋ. ಕೇಳಿಸ್ಲೇ ಇಲ್ಲ." ಅದರಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಇಂದಿಗೂ ಇರಿಯುತ್ತದೆ.

ಅಂದು ಕಂಡ ಡ್ರೈವರುಗಳ ಬಾಯಲ್ಲಿ ಹುಲಿಗೆಮ್ಮನ ಚಪ್ಪರ 'ಸಪ್ಪಳದ ಹೋಟ್ಲು' ಆಯಿತು. ವರ್ಷ ತುಂಬುವುದರೊಳಗೆ ಅದೇ ಹೆಸರಿನ ಬೋರ್ಡೂ ಏರಿತು. ಕೆಲವು ವರ್ಷಗಳ ನಂತರ ನಾನು ಒಬ್ಬನೇ ಅಲ್ಲಿಗೆ ಹೋಗಿದ್ದಾಗ, ಪಕ್ಕದ ಬೆಂಚಿನ ಗಿರಾಕಿ ಈ ಹೆಸರು ಹೇಗೆ ಬಂತೆಂದು ವಿಚಾರಿಸಿದ. ಹುಲಿಗೆಮ್ಮ ನಕ್ಕಳು. "ಮಿರ್ಚಿ ಎಣ್ಣ್ಯಾಗ ಬಿಟ್ರ ಚುರ್ ಅಂತ ಸಪ್ಪಳ ಆಗ್ತೈತಲ್ರೀ, ಅದಕ್ಕ."

ಅವನು ಎದ್ದು ಹೊರಗೆ ಹೋದಮೇಲೆ, ಸುಳ್ಳೇಕೆ ಹೇಳಿದೆ ಎಂದು ಕೇಳಿದೆ. ಅವಳು ಒಲೆಯಿಂದ ಕಣ್ಣೆತ್ತಲಿಲ್ಲ.

"ಖರೇ ಹೇಳಿದ್ರ, ಆಕಿ ಮಗ ಎಲ್ಲಿದ್ದ ಅಂತ ಕೇಳ್ತಾರ್ರೀ ಸರ."

ಇಷ್ಟು ವರ್ಷ ಎಷ್ಟು ಜನರಿಗೆ ಹೀಗೆ ಹೇಳಿದ್ದಳೋ! ಎದ್ದು ಹೊರಗೆ ಬಂದೆ. ಆ ಗಿರಾಕಿ ಇನ್ನೂ ಬಸ್ಸಿಗೆ ಕಾಯುತ್ತಿದ್ದ. ಅವನ ಪಕ್ಕದಲ್ಲಿ ನಿಂತು, "ನೀವು ಆ ಹೆಸರು ಕೇಳಿದ್ರಲ್ಲ, ಅದು ಮಿರ್ಚಿಯಿಂದ ಬಂದದ್ದಲ್ಲ. ಒಬ್ಬ ಮಗನ ಬಾಯಿ ಕಟ್ಟಿದ್ದಕ್ಕೆ ಬಂದದ್ದು. ಆ ಮಗ ನಾನೇ" ಎಂದು ಹೇಳತೊಡಗಿದೆ.