ಕಿವಿಗೆ ಬಿರಡೆಯೋ, ಜಾಲರಿಯೋ

ಮೊನ್ನೆ ಸ್ಕೂಲು ಬಿಟ್ಟ ಮೇಲೆ ಬೆಳಕವಾಡಿಯಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ ನನ್ನ ಬಲಗಿವಿಯ ಹಾಡು ನಿಂತುಹೋಯಿತು. ಎಡಗಿವಿಯಲ್ಲಿ ಪಿಟೀಲು ನುಡಿಯುತ್ತಲೇ ಇತ್ತು, ಬಲಗಿವಿಯಲ್ಲಿ ಕಂಡಕ್ಟರು ಎಲ್ಲರನ್ನೂ ಒಳಕ್ಕೆ ನಡೆಯಿರಿ ಅಂತ ಬೈಯುತ್ತಿದ್ದರು. ವೈರು ತಿರುಚಿದೆ, ಊದಿದೆ, ಸೆರಗಿನಲ್ಲಿ ಒರೆಸಿದೆ. ಹತ್ತನೇ ತರಗತಿಗೆ ಗಣಿತ ಹೇಳಿಕೊಡುವವಳು ನಾನು, ಆದರೆ ಏನಾದರೂ ಕೆಟ್ಟರೆ ಊದಿ ನೋಡುವುದರಾಚೆಗೆ ನನ್ನ ಬುದ್ಧಿ ಓಡುವುದಿಲ್ಲ. ಎಷ್ಟೋ ವರ್ಷ ದುಡಿದ ಇಯರ್‌ಫೋನು. ಸತ್ತಿತು ಅಂತ ಒಪ್ಪಿಕೊಳ್ಳುವಷ್ಟರಲ್ಲಿ ಮಳವಳ್ಳಿ ಬಂದಿತ್ತು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮಂಡ್ಯಕ್ಕೆ ಹೋದೆ. ಅಂಗಡಿಯವರು ನನ್ನ ವಯಸ್ಸಿನವರೇ. ಕನ್ನಡಕ ಹಣೆಗೇರಿಸಿ ಎರಡು ಥರದ್ದನ್ನು ಮುಂದಿಟ್ಟರು. ಒಂದು ನನ್ನ ಹಳೆಯದರ ಜಾತಿಯದೇ. ರಬ್ಬರಿನ ತುದಿ, ಕಿವಿಯ ತೂತಿನೊಳಕ್ಕೆ ತಿರುಚಿ ಕೂರಿಸಬೇಕು. ವೇದಿಕೆ ಮೇಲೆ ಹಾಡುವವರು ಹಾಕಿಕೊಳ್ಳುವುದು ಇಂಥದ್ದನ್ನೇ, ಹೊರಗೆ ಸಿಡಿಲು ಬಡಿದರೂ ಗೊತ್ತಾಗುವುದಿಲ್ಲ. ಇನ್ನೊಂದು ತಲೆಯ ಮೇಲಿಂದ ಬರುವ ದೊಡ್ಡ ಹೆಡ್‌ಫೋನು. ಅದರ ಬಟ್ಟಲುಗಳ ಬೆನ್ನಿಗೆ ಮುಚ್ಚಳವಿಲ್ಲ, ಜಾಲರಿ. ಒಳಗಿನ ಹಾಡು ಹೊರಕ್ಕೆ ಹೋಗುತ್ತದೆ, ಹೊರಗಿನ ಸದ್ದು ಒಳಕ್ಕೆ ಬರುತ್ತದೆ. ಹಾಕಿ ನೋಡಿದೆ. ಅಯ್ಯೋ, ಏನು ಹೇಳಲಿ ನಿಮಗೆ! ಇಷ್ಟು ವರ್ಷ ನನ್ನ ತಲೆಯೊಳಗೆ ಮುದುಡಿಕೊಂಡಿದ್ದ ಪಿಟೀಲು ಎದ್ದು ಹೋಗಿ ಎದುರಿನ ಗೋಡೆಯ ಹತ್ತಿರ ಆರಾಮಾಗಿ ಕೂತು ನುಡಿಯಿತು.

"ಮನೇಲಿ ಎಷ್ಟ್ ಜನ ಇದ್ದೀರಿ ಮೇಡಂ?" ಅಂತ ಕೇಳಿದರು. ಇವರೇನು ಗಣತಿಗೆ ಬಂದಿದ್ದಾರಾ ಅಂದುಕೊಂಡೆ. ಅವರದು ವ್ಯಾಪಾರದ ಪ್ರಶ್ನೆ. ಪಕ್ಕದಲ್ಲಿ ಯಾರಾದರೂ ಇರುತ್ತಾರೆ ಅಂದರೆ ಜಾಲರಿಯದು ಬೇಡ, ಚಿರಿಚಿರಿ ಸದ್ದಿಗೆ ಬೈಯುತ್ತಾರೆ. ಒಬ್ಬರೇ ಇದ್ದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಷ್ಟು ಸುಲಭದ ಲೆಕ್ಕ ನೋಡಿ. ಒಬ್ಬಳೇ ಅನ್ನುವ ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಯೋಚನೆ ಮಾಡಿ ಬರುತ್ತೇನೆ ಅಂತ ಎದ್ದು ಪಕ್ಕದ ಬೇಕರಿಯಲ್ಲಿ ಕಾಫಿ ಹಿಡಿದು ಕೂತೆ.

ಮೊದಲು ನಾವು ಇಬ್ಬರಿದ್ದೆವು. ರತ್ನ ನಮ್ಮ ಸ್ಕೂಲಿನ ಪಿ.ಟಿ. ಮೇಡಂ, ನಿಡಘಟ್ಟದವಳು. ಮಳವಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷ ಜೊತೆಗಿದ್ದೆವು. ಇಬ್ಬರಿಗೂ ಮದುವೆ ಆಗಿರಲಿಲ್ಲ. ನನಗೆ ಬೇಕು ಅನ್ನಿಸಿರಲಿಲ್ಲ, ಅವಳನ್ನು ನೋಡಲು ಬಂದವರು ಅವಳ ಗಂಟಲು ಕೇಳಿ ಹೆದರಿ ವಾಪಸ್ಸು ಹೋಗಿದ್ದರು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗಿಯರನ್ನು ಸಾಲು ನಿಲ್ಲಿಸುವ ಗಂಟಲು ಅದು, ಕೊರಳಲ್ಲಿದ್ದ ಸೀಟಿ ಬರೀ ಶೃಂಗಾರಕ್ಕೆ. ಮನೆಯಲ್ಲೂ ಅದೇ. ಮುದ್ದೆ ತೊಳಸುತ್ತಾ ಮಾತು ಶುರುವಿಟ್ಟುಕೊಂಡರೆ ಹೆಡ್‌ಮೇಷ್ಟ್ರು, ಹಾಲಿನವಳು, ಅತ್ತಿಗೆ, ಯಾರನ್ನೂ ಬಿಡುತ್ತಿರಲಿಲ್ಲ.

ನನಗೋ ಸಾಯಂಕಾಲ ಒಂದು ಗಂಟೆ ಸಂಗೀತ ಬೇಕು. ಅದಕ್ಕೇ ರಬ್ಬರಿನದ್ದನ್ನು ತಂದದ್ದು. ಬಿರಡೆ ಅಂತ ಹೆಸರಿಟ್ಟವಳು ಅವಳೇ, ಕಿವಿಗೆ ಬಿರಡೆ ಹೊಡೆದುಕೊಂಡು ಕೂತಿದ್ದಾಳೆ ನೋಡಿ ಅಂತ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಆದರೆ ಮಾತು ನಿಲ್ಲಿಸಲಿಲ್ಲ. ನಾನೂ ಒಂದು ಉಪಾಯ ಕಂಡುಕೊಂಡೆ. ಅವಳ ತುಟಿ ಆಡುವುದು ನಿಂತಾಗ ತಲೆ ಆಡಿಸಿ ಒಂದು ಹ್ಞೂಂ ಅನ್ನುವುದು. ನಾಚಿಕೆಗೇಡು, ಗೊತ್ತು. ನೀವೂ ಮನೆಯಲ್ಲಿ ಯಾರಿಗಾದರೂ ಹೀಗೆ ಹ್ಞೂಂ ಅಂದಿರುತ್ತೀರಿ, ಇಲ್ಲ ಅನ್ನಬೇಡಿ. ಆ ಹ್ಞೂಂನಿಂದಾಗಿ ಒಂದು ಸಲ ಮೂರು ದಿನ ಹಾಗಲಕಾಯಿ ತಿಂದೆ. ಇನ್ನೊಂದು ಸಲ ಶಿವನಸಮುದ್ರಕ್ಕೆ ಹೊರಟ ಸ್ಕೂಲಿನ ಹುಡುಗಿಯರ ಜೊತೆ ಹೋಗಲು ಒಪ್ಪಿಕೊಂಡು, ಉರಿಬಿಸಿಲಲ್ಲಿ ಇಡೀ ದಿನ ತಲೆ ಎಣಿಸಿದೆ.

ಒಂದು ಸಾಯಂಕಾಲ ಅವಳು ಅವರೆಕಾಯಿಯ ಮೊರ ಹಿಡಿದು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಸುಲಿಯುತ್ತಾ ಏನೋ ಹೇಳಿದಳು. ಆಲಾಪನೆ ಒಳ್ಳೆಯ ಘಟ್ಟದಲ್ಲಿತ್ತು. ತುಟಿ ನಿಂತಿತು, ನಾನು ಹ್ಞೂಂ ಅಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ಸಿಪ್ಪೆ ಬಾಚಿಕೊಂಡು ಎದ್ದುಹೋದಳು.

ನಾಲ್ಕು ದಿನ ಬಿಟ್ಟು ಅವಳ ಅಣ್ಣ ಬಾಳೆಹಣ್ಣು, ಮೈಸೂರುಪಾಕು ಹಿಡಿದು ಬಂದರು. "ನೀವ್ ಊಂ ಅಂದ್ರಂತೆ ಮೇಡಂ. ನೀವ್ ಏಳಿದ್ಕೇ ಅವ್ಳು ಒಪ್ಕಂಡಿದ್ದು" ಅಂತ ಕೈಮುಗಿದರು. ಹಾಸನದ ಕಡೆಯ ಸಂಬಂಧ, ಹೆಂಡತಿ ತೀರಿಕೊಂಡವರು, ಒಂದು ಹೆಣ್ಣುಮಗು. ಒಪ್ಪಿಕೊಳ್ಳಲಾ ಅಂತ ಅವಳು ಕೇಳಿದ್ದು ಆ ಸಾಯಂಕಾಲ. ಅಣ್ಣನೆದುರು ಎಲ್ಲ ಗೊತ್ತಿದ್ದವಳ ಮುಖ ಮಾಡಿಕೊಂಡು ಮೈಸೂರುಪಾಕು ತಿಂದೆ. ಕೇಳಿಸಿರಲಿಲ್ಲ ಕಣೇ ಅಂತ ಅವರು ಹೋದ ಮೇಲಾದರೂ ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಮತ್ತೆ ಕೇಳುತ್ತಿದ್ದಳು, ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ? ಮದುವೆಯಲ್ಲಿ ಓಡಾಡಿದೆ, ಪಂಕ್ತಿಗೆ ಬಡಿಸಿದೆ, ಹಾಸನದ ಬಸ್ಸಿಗೆ ಸಾಮಾನು ಏರಿಸಿದೆ. ಅವಳಿಗೆ ಅಲ್ಲಿಗೇ ವರ್ಗವೂ ಆಯಿತು.

ನಾಲ್ಕು ವರ್ಷವಾಯಿತು. ಒಬ್ಬಳಿಗಾಗಿ ಮುದ್ದೆ ತೊಳಸಲು ಬೇಸರವಾಗಿ ಎಷ್ಟೋ ದಿನ ಅವಲಕ್ಕಿಯಲ್ಲೇ ಮುಗಿಸುತ್ತೇನೆ. ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲದಿದ್ದರೂ ಸಾಯಂಕಾಲ ಬಿರಡೆ ಹಾಕಿಕೊಳ್ಳುತ್ತಿದ್ದೆ, ತೆಗೆದರೆ ಯಾರೂ ಇಲ್ಲ ಅನ್ನುವುದು ಗೊತ್ತಾಗುತ್ತಿತ್ತು. ನಾನೇ ಅವಳನ್ನು ಕಳಿಸಿಬಿಟ್ಟೆ, ಏನು ಕೇಳಿದಳು ಅಂತ ಕೂಡ ಕೇಳಿಸಿಕೊಳ್ಳದೆ ಕಳಿಸಿಬಿಟ್ಟೆ ಅಂತ ಒಂದೇ ಸಮ ಕೊರೆಯುತ್ತಿತ್ತು.

ಬೇಕರಿಯಿಂದಲೇ ಅವಳಿಗೆ ಫೋನು ಮಾಡಿದೆ. ಬಿರಡೆ ಕೆಟ್ಟುಹೋಯಿತು ಅಂದೆ, ಜೋರಾಗಿ ನಕ್ಕಳು. ಅಂಗಡಿಯವರು ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು ಅಂದೆ, ನಗು ನಿಂತಿತು. ಆಮೇಲೆ ನನ್ನ ಬಾಯಿ ತಡೆಯಲಿಲ್ಲ. ಅವತ್ತು ನೀನು ಕೇಳಿದ್ದು ನನಗೆ ಕೇಳಿಸಿರಲೇ ಇಲ್ಲ ರತ್ನ, ಕೇಳಿಸಿದ್ದರೆ ಬೇಡ ಅನ್ನುತ್ತಿದ್ದೆ ಅಂತ ಹೇಳಿಬಿಟ್ಟೆ.

"ಗೊತ್ತು ಕಣೇ" ಅಂದಳು.

ಏನು ಗೊತ್ತು ಅಂದೆ.

"ಕೇಳುಸ್ಬಾರ್ದು ಅಂತ್ಲೇ ಮೆಲ್ಲುಕ್ ಕೇಳ್ದೆ. ನಿನ್ನ ಒಂದ್ ಮಾತ್ ಕೇಳ್ದಂಗೆ ಓಗಕೆ ಮನ್ಸ್ ಬರ್ನಿಲ್ಲ. ನೀನ್ ಕೇಳುಸ್ಕಂಡ್ ಬ್ಯಾಡ ಅಂದ್ಬುಟ್ಟಿದ್ರೆ ನಾನ್ ಓಯ್ತಿರ್ನಿಲ್ಲ. ನಂಗೂ ಒಂದ್ ಮನೆ ಅಂತ ಬೇಕಿತ್ತು ಕಣೇ."

ಕೇಳಿಸಿತಾ ಅಂತ ಅವಳು ಕೇಳಿದಳು. ಕೇಳಿಸಿತು ಅಂದೆ.

ಅಂಗಡಿಗೆ ಹೋಗಿ ಜಾಲರಿಯದ್ದನ್ನೇ ತೆಗೆದುಕೊಂಡೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ಬಿಚ್ಚಲಿಲ್ಲ. ನಾಲ್ಕು ವರ್ಷ ಹೊತ್ತ ತಪ್ಪು ಇಳಿಯಿತಲ್ಲ, ಹಗುರ ಆಗಬೇಕಿತ್ತು. ಮದ್ದೂರು ದಾಟಿದರೂ ಆಗಲಿಲ್ಲ, ಅಳು ಬಂತು. ಒಂಬತ್ತು ವರ್ಷ ನಾವಿಬ್ಬರೂ ಇದ್ದದ್ದು ಮನೆ ಅಂತಲೇ ನಾನು ತಿಳಿದಿದ್ದೆ, ಮತ್ತು ಅದನ್ನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.